ಆ ರಸ್ತೆಯನ್ನು ಹಗಲಲ್ಲಿ ನೋಡಬೇಕಿತ್ತು

ನಮ್ಮ ಕಾಕಾ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಎಎಸ್‌ಸಿ, ಅಂದರೆ ಆರ್ಮಿ ಸರ್ವಿಸ್ ಕೋರ್. ಅಕ್ಕಿ, ಬೇಳೆ, ಸೀಮೆಎಣ್ಣೆ, ಮದ್ದುಗುಂಡು, ಏನೇ ಇರಲಿ, ಗಡಿಯವರೆಗೆ ಮುಟ್ಟಿಸುವುದು ಇವರ ಕೆಲಸ. 1999ರ ಬೇಸಿಗೆಯಲ್ಲಿ ಅವರ ಶಕ್ತಿಮಾನ್ ಲಾರಿ ಓಡಿದ್ದು ಶ್ರೀನಗರದಿಂದ ಕಾರ್ಗಿಲ್ ದಾರಿಯ ದ್ರಾಸ್‌ಗೆ. ಊರಲ್ಲಿ ಯಾರಾದರೂ ಕಾರ್ಗಿಲ್ ಯುದ್ಧದ ಮಾತು ತೆಗೆದರೆ, "ನಾವು ಕೆಳಗ ಇದ್ದವ್ರು, ಮ್ಯಾಲೆ ಹತ್ತಿದವ್ರು ಬ್ಯಾರೆ" ಅಂತ ಹೇಳಿ ಎದ್ದು ಹೋಗಿಬಿಡುತ್ತಿದ್ದರು.

ಯುಗಾದಿಗೆ ಹಾವೇರಿಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟ ಮುಗಿಸಿ ಕಟ್ಟೆ ಮೇಲೆ ಕೂತಿದ್ದಾಗ ಕಾಕಾ ಸುಮ್ನೆ ಅಂದರು: "ಆ ರಸ್ತೀನ ಒಮ್ಮೆ ಹಗಲಿನ್ಯಾಗ ನೋಡಬೇಕವಾ." ನನಗೆ ಅರ್ಥವಾಗಲಿಲ್ಲ. ಅಷ್ಟು ಸಲ ಓಡಿಸಿದ ರಸ್ತೆ ಅಲ್ವಾ? "ದ್ರಾಸ್‌ಕಿಂತ ಮೊದಲ ಮಟಾಯಿನ್ ಅಂತ ಊರು ಬರತೈತಿ. ಅದನ್ನ ದಾಟಿದ ಮ್ಯಾಲೆ ಹಗಲು ಹೋಗಂಗಿರಲಿಲ್ಲ. ರಾತ್ರಿನ ಹೋಗಬೇಕು, ಲೈಟ್ ಆರಿಸಿ. ಮುಂದಿನ ಲಾರಿ ಡಿಫರೆನ್ಷಿಯಲ್‌ಗೆ, ಅಂದ್ರ ಹಿಂದಿನ ಗಾಲಿಗಳ ನಡುವಿನ ಡಬ್ಬಿಗೆ, ಬಿಳಿ ಬಣ್ಣ ಬಳಿದಿರತಿದ್ರು. ಅದನ್ನಷ್ಟ ನೋಡ್ಕೋತ ಹೋಗೋದು. ಗುಡ್ಡ ಹೆಂಗದಾವು, ಊರು ಎಲ್ಲೈತಿ, ನನಗೇನು ಗೊತ್ತಿಲ್ಲ."

ಜೂನ್ ಕೊನೆಯ ವಾರ ನಾವಿಬ್ಬರೇ ಹೊರಟೆವು. ಚಿಗವ್ವನಿಗೆ ಮೊಣಕಾಲು ನೋವು, ಬರಲು ಆಗಲಿಲ್ಲ. ಆದರೆ ಒಂದು ಚೀಲದ ತುಂಬ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಟ್ಟಳು. ಇಡೀ ಪ್ರವಾಸದಲ್ಲಿ ಅಷ್ಟು ಉಪಯೋಗಕ್ಕೆ ಬಂದ ವಸ್ತು ಮತ್ತೊಂದಿಲ್ಲ.

ಮೊದಲ ದಿನ: ಶ್ರೀನಗರದಿಂದ ದ್ರಾಸ್

ಬೆಳಿಗ್ಗೆ 5ಕ್ಕೆ ಶ್ರೀನಗರ ಬಿಟ್ಟೆವು. ಜೋಜಿ ಲಾ ಕಣಿವೆ ದಾರಿಯಲ್ಲಿ ಒಂದು ಹೊತ್ತು ಈ ಕಡೆಯ ಗಾಡಿ, ಇನ್ನೊಂದು ಹೊತ್ತು ಆ ಕಡೆಯ ಗಾಡಿ ಅಂತ ಬಿಡುತ್ತಾರೆ. ಹಿಂದಿನ ಸಂಜೆಯೇ ಟ್ಯಾಕ್ಸಿ ಡ್ರೈವರ್ ಸಮಯ ವಿಚಾರಿಸಿಕೊಂಡು ಬಂದಿದ್ದ. ತಡವಾದರೆ ಸೋನಮಾರ್ಗದಲ್ಲೇ ದಿನ ಹೋಗುತ್ತದೆ. ನನ್ನ ಪ್ರೀಪೇಯ್ಡ್ ಸಿಮ್ ವಿಮಾನ ಇಳಿದಾಗಲೇ ಸತ್ತುಹೋಗಿತ್ತು. ಅಲ್ಲಿ ಹೊರರಾಜ್ಯದ ಪೋಸ್ಟ್‌ಪೇಯ್ಡ್ ಸಿಮ್ ಮಾತ್ರ ನಡೆಯುವುದು. ಪುಣ್ಯಕ್ಕೆ ಕಾಕಾನದು ಪೋಸ್ಟ್‌ಪೇಯ್ಡ್.

ಕಂಗನ್ ಹತ್ತಿರ ಚಹಾಕ್ಕೆ ನಿಂತೆವು. ಗುಲಾಬಿ ಬಣ್ಣದ ಉಪ್ಪು ಚಹಾ, ನೂನ್ ಚಾಯ್. ಜೊತೆಗೆ ತಂದೂರಿನಿಂದ ಆಗಷ್ಟೇ ತೆಗೆದ ದುಂಡನೆ ಗಿರ್ದಾ ರೊಟ್ಟಿ. ನನಗೆ ಮೊದಲ ಗುಟುಕು ಸೇರಲಿಲ್ಲ, ಮೂರನೆಯದಕ್ಕೆ ಹಿತವಾಯಿತು. ಕಾಕಾ ಮಾತ್ರ ಎರಡು ಲೋಟ ಕುಡಿದರು. ರಸ್ತೆಯ ಪಕ್ಕದಲ್ಲೇ ಸಿಂಧ್ ನದಿ (ಸಿಂಧೂ ಅಲ್ಲ, ಇದು ಬೇರೆ) ಹಾಲಿನಂಥ ನೀರು ಹೊತ್ತು ಸದ್ದು ಮಾಡುತ್ತಿತ್ತು.

ಸೋನಮಾರ್ಗಕ್ಕೆ ಈಗ ಆರೂವರೆ ಕಿಲೋಮೀಟರ್ ಸುರಂಗ ಬಂದಿದೆ. 2025ರ ಜನವರಿಯಲ್ಲಿ ತೆರೆದದ್ದು. ಕಾಕಾ ಸುರಂಗದ ಉದ್ದಕ್ಕೂ ಗೋಡೆ ನೋಡುತ್ತಾ ಕೂತಿದ್ದರು. ಆದರೆ ಜೋಜಿ ಲಾ ಇನ್ನೂ ಹಳೆಯ ಜೋಜಿ ಲಾನೇ. ಅದರ ಸುರಂಗದ ಕೆಲಸ ನಡೆದಿದೆ. ಬಾಲ್ತಾಲ್‌ನ ಡೇರೆಗಳು ಕೆಳಗೆ ಬಣ್ಣದ ಚುಕ್ಕೆಗಳಾಗುತ್ತಿದ್ದಂತೆ ರಸ್ತೆ ಮಣ್ಣಾಯಿತು, ಆಮೇಲೆ ಕೆಸರಾಯಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಬರೀ ಗಾಳಿ.

ತುದಿಗೆ ಇನ್ನು ಸ್ವಲ್ಪ ದೂರ ಇರುವಾಗ ನಮ್ಮ ಗಾಡಿಯ ಹಿಂದಿನ ಚಕ್ರ ಕೆಸರಲ್ಲಿ ಕೂತಿತು. ಹಿಮ ಕರಗಿದ ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು. ನಾನು ಇಳಿದು ತಳ್ಳಲು ಹೋದೆ. ಕಾಲು ಗಂಟಿನವರೆಗೆ ಮುಳುಗಿತು. ಹಿಂದಿನ ಲಾರಿಯವರು ಬಂದು ಕೈಕೊಟ್ಟರು, ಕಾಕಾ ಚಕ್ರದ ಕೆಳಗೆ ಚಪ್ಪಟೆ ಕಲ್ಲು ಹುಡುಕಿ ಇಟ್ಟರು. ಗಾಡಿ ಮೇಲೆ ಬಂತು. ನನ್ನ ಶೂ ಮಾತ್ರ ಒಳಗೂ ಹೊರಗೂ ನೀರಾಯಿತು. ಇನ್ನೊಂದು ಜೊತೆ ತಂದಿರಲಿಲ್ಲ. ಯಾರಾದರೂ ಹೊರಟರೆ ಎರಡು ಜೊತೆ ಒಯ್ಯಿರಿ.

ತುದಿಯ ಎತ್ತರ 11,500 ಅಡಿಗೂ ಸ್ವಲ್ಪ ಜಾಸ್ತಿ. ಅಲ್ಲಿ ಡ್ರೈವರ್ ಐದು ನಿಮಿಷ ನಿಲ್ಲಿಸಿದ. ಕಾಕಾ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. "ಇದು ನಮ್ಮ ಕೊಡಗಿನ ತಿಮ್ಮಯ್ಯ ಸಾಹೇಬ್ರು ಗೆದ್ದ ಜಾಗ ಗೊತ್ತೈತೇನು?" ಅಂದರು. 1948ರಲ್ಲಿ ಈ ಕಣಿವೆ ಶತ್ರುವಿನ ಕೈಯಲ್ಲಿತ್ತು. ಲೇಹ್‌ಗೆ ದಾರಿ ಮುಚ್ಚಿತ್ತು. ಜನರಲ್ ತಿಮ್ಮಯ್ಯ ಇಲ್ಲಿಗೆ ಟ್ಯಾಂಕ್ ತರಿಸಿದರು. ಗುಟ್ಟು ಬಯಲಾಗಬಾರದು ಅಂತ ಮೇಲಿನ ಗೋಪುರ ಬಿಚ್ಚಿ, ಬೇರೆ ಬೇರೆಯಾಗಿ ಸಾಗಿಸಿ, ಬಾಲ್ತಾಲ್‌ನಲ್ಲಿ ಜೋಡಿಸಿದರಂತೆ. ಟ್ಯಾಂಕ್ ಹತ್ತುವಂಥ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಇರುವವರು. ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಕೂತು ನುಗ್ಗಿದರು. ಇಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ನನ್ನ ಒದ್ದೆ ಕಾಲು ಮರಗಟ್ಟುತ್ತಿತ್ತು. ಆದರೂ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ.

ಜೋಜಿ ಲಾ ದಾಟಿದರೆ ಕಾಡು ಮುಗಿಯಿತು. ಗುಮ್ರಿ, ಮೀನಾಮಾರ್ಗ, ಮಟಾಯಿನ್. ಹಸಿರು ಹುಲ್ಲು, ಕುರಿ ಹಿಂಡು, ಮೇಲೆ ಬೋಳು ಬೆಟ್ಟ. ಚೆಕ್‌ಪೋಸ್ಟಿನಲ್ಲಿ ಆಧಾರ್ ತೋರಿಸಿ ಹೆಸರು ಬರೆಸಿದೆವು. ಮಟಾಯಿನ್ ಬಂದಾಗ ಕಾಕಾ ಡ್ರೈವರ್ ಪಕ್ಕದ ಸೀಟಿಗೆ ಬದಲಾದರು. ಅಲ್ಲಿಂದ ದ್ರಾಸ್‌ವರೆಗೆ ಒಂದು ಮಾತಿಲ್ಲ. ಕುತ್ತಿಗೆ ಬಗ್ಗಿಸಿ ಗಾಜಿನಿಂದ ಮೇಲಕ್ಕೆ ನೋಡುತ್ತಲೇ ಇದ್ದರು.

ದ್ರಾಸ್ ಚಿಕ್ಕ ಊರು. ಒಂದು ಬೀದಿ, ಎರಡೂ ಕಡೆ ಅಂಗಡಿ, ಹಿಂದೆ ನದಿ. "ಜಗತ್ತಿನಲ್ಲಿ ಜನ ವಾಸಿಸುವ ಎರಡನೇ ಅತಿ ಚಳಿಯ ಜಾಗ" ಅಂತ ಬೋರ್ಡ್ ಹಾಕಿದ್ದಾರೆ. ಗೆಸ್ಟ್‌ಹೌಸ್ ಮಾಲೀಕರು ನನ್ನ ಶೂ ನೋಡಿ ಏನೂ ಕೇಳದೆ ಒಯ್ದು ಅಡುಗೆಮನೆಯ ಒಲೆ ಪಕ್ಕ ಇಟ್ಟರು. ಎರಡನೇ ಮಹಡಿ ಹತ್ತುವಷ್ಟರಲ್ಲಿ ನನಗೆ ಏದುಸಿರು. ಇದು 10,800 ಅಡಿ. ಮೊದಲ ದಿನ ಓಡಾಡಬೇಡಿ, ನೀರು ಕುಡಿದು ಮಲಗಿ ಅಂದರು ಮಾಲೀಕರು. ರಾಜ್ಮಾ ಅನ್ನ ತಿಂದು ಹಾಗೇ ಮಾಡಿದೆವು.

ಎರಡನೇ ದಿನ: ತೋಲೋಲಿಂಗ್ ಬುಡದಲ್ಲಿ

ಬೆಳಿಗ್ಗೆಗೂ ಶೂ ಒಣಗಿರಲಿಲ್ಲ. ಉಣ್ಣೆ ಕಾಲುಚೀಲದ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ಮಾರಕಕ್ಕೆ ಹೋದೆ. ಊರಿಂದ ಐದಾರು ಕಿಲೋಮೀಟರ್, ಹೆದ್ದಾರಿಯ ಪಕ್ಕದಲ್ಲೇ. ಗೇಟಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ. ದುಡ್ಡಿಲ್ಲ.

ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ಬಾವುಟ. ಅದರ ಹಿಂದೆ, ಕೈ ಚಾಚಿದರೆ ಸಿಗುತ್ತದೆ ಅನ್ನುವಷ್ಟು ಹತ್ತಿರ, ತೋಲೋಲಿಂಗ್. ನಾನು ಅದರ ಚಿತ್ರ ನೂರು ಸಲ ನೋಡಿದ್ದೆ. ಚಿತ್ರದಲ್ಲಿ ಅದು ಬೆಟ್ಟ. ಇಲ್ಲಿ ಅದು ನಮ್ಮ ತಲೆಯ ಮೇಲೆ ಕೂತಿದೆ. ಮರ ಇಲ್ಲ, ಪೊದೆ ಇಲ್ಲ. ಒಬ್ಬ ಮನುಷ್ಯ ಹತ್ತುತ್ತಿದ್ದರೆ ಮೇಲಿನವನಿಗೆ ಕಾಣದೇ ಇರಲು ಸಾಧ್ಯವೇ ಇಲ್ಲ. ತಿರುಗಿ ನೋಡಿದರೆ ಕೆಳಗೆ ಹೆದ್ದಾರಿ. ಒಂದು ಲಾರಿ ಹೋಗುತ್ತಿತ್ತು. ಅದರ ಟಾರ್ಪಾಲಿನ ಬಣ್ಣ ಸಹ ಕಾಣುತ್ತಿತ್ತು.

ಕಾಕಾ ಒಮ್ಮೆ ಲಾರಿ ನೋಡಿದರು, ಒಮ್ಮೆ ಬೆಟ್ಟ ನೋಡಿದರು. "ಅಂದ್ರ ಅವ್ರು ಅಲ್ಲಿ ಕುಂತು ನಮ್ಮನ್ನ ಎಣಿಸ್ತಿದ್ರು" ಅಂದರು.

ಸಮವಸ್ತ್ರದ ಯೋಧರೊಬ್ಬರು ಬಂದವರನ್ನೆಲ್ಲ ಸೇರಿಸಿ ಹಿಂದಿಯಲ್ಲಿ ವಿವರಿಸಿದರು. ಒಂದೊಂದೇ ಶಿಖರಕ್ಕೆ ಕೈ ತೋರಿಸಿದರು. 1999ರ ಮೇ ತಿಂಗಳ ಹೊತ್ತಿಗಾಗಲೇ ಪಾಕಿಸ್ತಾನದ ಸೈನಿಕರು ಗಡಿ ರೇಖೆ ದಾಟಿ ಬಂದು ಈ ಶಿಖರಗಳಲ್ಲಿ ಕೂತಿದ್ದರು. ಕೆಳಗಿನ ಹೆದ್ದಾರಿ ಅವರ ಫಿರಂಗಿಯ ಗುರಿಯಲ್ಲಿತ್ತು. ಲೇಹ್‌ಗೆ ಹೋಗುವ ದಾರಿಯೇ ಇದು. ಹಾಗಾಗಿ ಮೊದಲು ಬೇಕಾಗಿದ್ದು ತೋಲೋಲಿಂಗ್. 18 ಗ್ರೆನೇಡಿಯರ್ಸ್ ಅನ್ನುವ ಪಲ್ಟಣ ಮೂರು ವಾರ ಹತ್ತಲು ನೋಡಿತು. ಮೇಜರ್ ರಾಜೇಶ್ ಅಧಿಕಾರಿ ಬಿದ್ದರು. ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಬಿದ್ದರು. ಆಮೇಲೆ 2 ರಾಜಪುತಾನಾ ರೈಫಲ್ಸ್ ಪಲ್ಟಣ ಬಂತು. ಜೂನ್ 12ರ ರಾತ್ರಿ ಶುರುವಾದ ಹೋರಾಟ 13ರ ಬೆಳಿಗ್ಗೆ ಮುಗಿಯಿತು. ಆ ರಾತ್ರಿಯ ದಾಳಿಯಲ್ಲಿ ಮೇಜರ್ ವಿವೇಕ್ ಗುಪ್ತಾ ತೀರಿಕೊಂಡರು. ತೋಲೋಲಿಂಗ್ ನಮ್ಮದಾಯಿತು.

"ಆ ಪಲ್ಟಣದ ಕಮಾಂಡಿಂಗ್ ಆಫೀಸರ್ ನಿಮ್ಮ ಕರ್ನಾಟಕದವರು" ಅಂದರು ಆ ಯೋಧ, ನಾವು ಎಲ್ಲಿಯವರು ಅಂತ ಕೇಳಿ ತಿಳಿದ ಮೇಲೆ. ಕಾಕಾನ ಮುಖ ಅರಳಿತು. ಕರ್ನಲ್ ಎಂ.ಬಿ. ರವೀಂದ್ರನಾಥ್, ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯವರು. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ವೀರ ಚಕ್ರ ಪಡೆದವರು. 2018ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ತೋಲೋಲಿಂಗ್ ಗೆದ್ದ ದಳವನ್ನು ನಡೆಸಿದವರು ನಮ್ಮ ಕಡೆಯವರು ಅನ್ನುವುದು ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೇ ಆ ಯೋಧ ಹೇಳುವವರೆಗೆ ಗೊತ್ತಿರಲಿಲ್ಲ. ಇದು ನನಗೆ ಬೇಸರದ ಸಂಗತಿ.

ಟೈಗರ್ ಹಿಲ್ ದೂರದಲ್ಲಿ ಚೂಪಾಗಿ ನಿಂತಿದೆ, 5,062 ಮೀಟರ್. 19 ವರ್ಷದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಮೈತುಂಬ ಗುಂಡು ತಿಂದೂ ಬದುಕಿ ಉಳಿದದ್ದು ಅಲ್ಲಿ. ಅದೇ ಬೆಟ್ಟದಲ್ಲಿ ಎದುರು ಪಕ್ಷದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಹುದ್ದೆಯಲ್ಲ, ಅವರ ಹೆಸರೇ) ಸತ್ತದ್ದು. ಅವರು ಹೋರಾಡಿದ ರೀತಿ ಕಂಡು ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವರೇ, ಈತ ಧೀರ ಅಂತ ಚೀಟಿ ಬರೆದು ಶವದ ಜೇಬಿನಲ್ಲಿಟ್ಟು ಕಳಿಸಿದರು. ಪಾಕಿಸ್ತಾನ ಆಮೇಲೆ ಅವರಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ಇದನ್ನು ಕೇಳಿದಾಗ ಅಲ್ಲಿದ್ದ ಯಾರೂ ಮಾತಾಡಲಿಲ್ಲ.

ಕಂದು ಗುಲಾಬಿ ಕಲ್ಲಿನ ಗೋಡೆಯ ಮೇಲೆ ಹೆಸರುಗಳಿವೆ. ಆ ಯುದ್ಧದಲ್ಲಿ ನಮ್ಮ ಕಡೆ ಸತ್ತವರು 527 ಮಂದಿ. ಹೆಸರು ಓದುತ್ತಾ ಹೋದರೆ ಇಡೀ ದೇಶದ ಹಳ್ಳಿಗಳು ಕಿವಿಗೆ ಬಿದ್ದಂತಾಗುತ್ತದೆ. ಗೋಡೆಯ ಹತ್ತಿರ ಕಾಕಾ ಜಾಸ್ತಿ ನಿಲ್ಲಲಿಲ್ಲ. ಪಕ್ಕದಲ್ಲಿ ವೀರಭೂಮಿ ಅಂತ ಇದೆ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಲ್ಲು. ಆ ಸಾಲುಗಳ ನಡುವೆ ಬಗ್ಗಿ ಬಗ್ಗಿ ಏನೋ ಹುಡುಕತೊಡಗಿದರು. ನಾನು ಕೇಳಲಿಲ್ಲ, ಹಿಂದೆ ಹೋದೆ. ಕೊನೆಗೆ ಒಂದು ಕಲ್ಲಿನ ಮುಂದೆ ಕೂತರು. ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. "ಕ್ಯಾಪ್ಟನ್ ನೈಕೆಝಾಕುವೊ ಕೆಂಗುರುಸೆ. ಮಹಾವೀರ ಚಕ್ರ. ಎಎಸ್‌ಸಿ." ಕೊನೆಯ ಮೂರು ಅಕ್ಷರ ಎರಡು ಸಲ ಓದಿದರು.

ನಾಗಾಲ್ಯಾಂಡಿನ ಹುಡುಗ. ಸೈನ್ಯಕ್ಕೆ ಬರುವ ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1998ರ ಡಿಸೆಂಬರಿನಲ್ಲಿ ಸೇರಿದ್ದು ಕಾಕಾನ ಎಎಸ್‌ಸಿಗೇ. ಅಲ್ಲಿಂದ 2 ರಾಜಪುತಾನಾ ರೈಫಲ್ಸ್ ಜೊತೆಗೆ ಹೋದರು, ದಾಳಿಯಲ್ಲಿ ಮುಂದೆ ನುಗ್ಗುವ ಘಾತಕ್ ತುಕಡಿಯ ನಾಯಕರಾದರು. ಆ ಹೆಸರು ಹೇಳಲು ಬಾರದ ಜವಾನರು ಪ್ರೀತಿಯಿಂದ "ನಿಂಬು ಸಾಹಬ್" ಅನ್ನುತ್ತಿದ್ದರು.

ಜೂನ್ 28ರ ರಾತ್ರಿ. ಬ್ಲ್ಯಾಕ್ ರಾಕ್ ಅನ್ನುವ ಬಂಡೆ. ಮೇಲೆ ಒಂದು ಮೆಷಿನ್‌ಗನ್, ಪಲ್ಟಣ ಬರುವ ಎಲ್ಲ ದಾರಿಗೂ ಅದೇ ಅಡ್ಡಿ. ಅದನ್ನು ಬಾಯಿ ಮುಚ್ಚಿಸುವ ಕೆಲಸ ಕೆಂಗುರುಸೆ ಅವರದು. ಹತ್ತುವಾಗಲೇ ಗುಂಡಿನ ಮಳೆ. ಜೊತೆಯವರು ಬಿದ್ದರು. ಇವರ ಹೊಟ್ಟೆಗೆ ಚೂರು ಹೊಕ್ಕಿತು. ರಕ್ತ ಸುರಿಯುತ್ತಿದ್ದರೂ ಉಳಿದವರನ್ನು ಹುರಿದುಂಬಿಸುತ್ತಾ ಮುಂದೆ ಹೋದರು. ಕೊನೆಗೆ ಎದುರಾದದ್ದು ನೆಟ್ಟಗೆ ನಿಂತ ಕಲ್ಲಿನ ಗೋಡೆ. ಶೂ ಜಾರುತ್ತಿತ್ತು. ಆಗ ಅವರು ಶೂ ಬಿಚ್ಚಿದರು. ಸುಮಾರು 16 ಸಾವಿರ ಅಡಿ ಎತ್ತರದ ಆ ಕೊರೆವ ಚಳಿಯಲ್ಲಿ, ಬರಿಗಾಲ ಬೆರಳಿಂದ ಕಲ್ಲು ಹಿಡಿದು, ರಾಕೆಟ್ ಲಾಂಚರ್ ಹೊತ್ತು ಹತ್ತಿದರು. ಮೇಲಿನಿಂದ ಹಾರಿಸಿದರು. ಆಮೇಲೆ ಒಬ್ಬರೇ ನುಗ್ಗಿ ಇಬ್ಬರನ್ನು ರೈಫಲ್‌ನಿಂದ, ಇಬ್ಬರನ್ನು ಚಾಕುವಿನಿಂದ ಕೊಂದರು. ಆ ಗಾಯಗಳಿಂದಲೇ ಅಲ್ಲಿ ಪ್ರಾಣ ಬಿಟ್ಟರು. ಇನ್ನೂ 25 ತುಂಬಿರಲಿಲ್ಲ.

"ಸೋನಮಾರ್ಗದಾಗ ಲಾರಿ ತುಂಬ್ಕೋತಿದ್ವಿ. ಯಾರೋ ಬಂದು ಹೇಳಿದ್ರು, ನಮ್ಮ ಕೋರಿನ ಸಣ್ಣ ಸಾಹೇಬ್ರು ಹೋದ್ರಂತ. ಶೂ ಬಿಚ್ಚಿ ಹತ್ತಿದ್ರಂತ. ನಮಗ ನಂಬಾಕ ಆಗಲಿಲ್ಲವಾ" ಅಂದರು ಕಾಕಾ. ಬಹಳ ಹೊತ್ತು ಅಲ್ಲೇ ಕೂತಿದ್ದರು. ನಾನು ನನ್ನ ಚಪ್ಪಲಿಯನ್ನೂ ಒದ್ದೆಯಾಗತೊಡಗಿದ್ದ ಕಾಲುಚೀಲವನ್ನೂ ನೋಡಿಕೊಂಡೆ. ಬೆಳಿಗ್ಗೆಯಿಂದ ನಾಲ್ಕು ಸಲ ಚಳಿ ಚಳಿ ಅಂದಿದ್ದೆ.

ಅದೇ ರಾತ್ರಿ ಅದೇ ಪಲ್ಟಣದ ಇನ್ನೂ ಇಬ್ಬರು ಅಧಿಕಾರಿಗಳು ಹೋದರು. ಮೇಜರ್ ಪದ್ಮಪಾಣಿ ಆಚಾರ್ಯ. ಮನೆಯಲ್ಲಿ ಹೆಂಡತಿ ಬಸುರಿ, ಮಗಳು ಹುಟ್ಟಿದ್ದು ಅವರು ಹೋದ ಮೇಲೆ. ಮತ್ತೊಬ್ಬರು ಕ್ಯಾಪ್ಟನ್ ವಿಜಯಂತ್ ಥಾಪರ್, 22 ವರ್ಷ. ಹುಣ್ಣಿಮೆ ರಾತ್ರಿ, ಬೆಳದಿಂಗಳಲ್ಲಿ ಎಲ್ಲವೂ ಕಾಣುತ್ತಿದ್ದ ರಾತ್ರಿ. ಹತ್ತುವ ಮೊದಲು ಮನೆಗೆ ಕಾಗದ ಬರೆದಿಟ್ಟಿದ್ದರು. ಕುಪ್ವಾರಾದಲ್ಲಿ ತಾನು ನೋಡಿಕೊಳ್ಳುತ್ತಿದ್ದ ಪುಟ್ಟ ಹುಡುಗಿ ರುಖ್ಸಾನಾಳಿಗೆ ತಿಂಗಳಿಗೆ 50 ರೂಪಾಯಿ ಕಳಿಸುವುದನ್ನು ನಿಲ್ಲಿಸಬೇಡಿ ಅಂತ ಅದರಲ್ಲಿ ಕೇಳಿಕೊಂಡಿದ್ದರು. ಸಾಧ್ಯವಾದರೆ ನಾವು ಹೋರಾಡಿದ ಜಾಗವನ್ನು ಬಂದು ನೋಡಿ ಅಂತಲೂ ಬರೆದಿದ್ದರು. ಅವರ ತಂದೆ ವಯಸ್ಸಾದ ಮೇಲೂ ಬೆಟ್ಟ ಹತ್ತಿ ಆ ಜಾಗ ನೋಡಿ ಬಂದರು. ಸಾವಿನ ಬಾಗಿಲಲ್ಲಿ ನಿಂತ ಹುಡುಗನಿಗೆ 50 ರೂಪಾಯಿಯ ಲೆಕ್ಕ ನೆನಪಿತ್ತು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಹೊರಗೆ ಕ್ಯಾಂಟೀನಿನಲ್ಲಿ ಬಿಸಿ ಮ್ಯಾಗಿ ಸಿಕ್ಕಿತು. ಕಾಕಾ ತಿನ್ನಲಿಲ್ಲ. ಸಂಜೆ ಬಿಸಿಲು ಇಳಿಯುವಾಗ ತೋಲೋಲಿಂಗ್ ಕೆಂಪಾಗುತ್ತದೆ. ಬೆಳಿಗ್ಗೆ ನೋಡಿದವರು ಸಂಜೆಗೂ ಬನ್ನಿ. ನಾವು ಅಲ್ಲೇ ಇದ್ದೆವು.

ಮೂರನೇ ದಿನ: ಕಾಲ್ನಡಿಗೆ

ಶೂ ಒಣಗಿತ್ತು. ಕಾಕಾ ಇವತ್ತು ಗಾಡಿ ಬೇಡ ಅಂದರು. ದ್ರಾಸ್‌ನಿಂದ ಶ್ರೀನಗರದ ಕಡೆಗೆ ಹೆದ್ದಾರಿಯಲ್ಲೇ ನಡೆದೆವು. ಅಲ್ಲಲ್ಲಿ ನಿಂತು ಮೇಲೆ ನೋಡುವುದು, ಮತ್ತೆ ನಡೆಯುವುದು. "ಇಲ್ಲೇ ಒಂದು ಸೇತುವೆ ಇತ್ತು" ಅಂದರು ಒಂದು ಕಡೆ. ಸೇತುವೆ ಇತ್ತು. "ಇದು ಇಷ್ಟು ಸಣ್ಣದೇನು!" ಅಂತ ಅವರಿಗೇ ಆಶ್ಚರ್ಯ. ಕತ್ತಲಲ್ಲಿ ದಾಟುವಾಗ ಅದಕ್ಕೆ ಕೊನೆಯೇ ಇಲ್ಲ ಅನಿಸುತ್ತಿತ್ತಂತೆ.

ಬೋಫೋರ್ಸ್ ಫಿರಂಗಿಯ ಒಂದು ಗುಂಡು 40 ಕಿಲೋಗಿಂತ ಜಾಸ್ತಿ. ಆ ಬೇಸಿಗೆಯಲ್ಲಿ ನಮ್ಮ ಸೈನ್ಯ ಎರಡೂವರೆ ಲಕ್ಷ ಫಿರಂಗಿ ಗುಂಡು, ರಾಕೆಟ್ ಹಾರಿಸಿತು. ದ್ರಾಸ್ ಕಡೆಯ ಪಾಲೆಲ್ಲ ಈ ರಸ್ತೆಯಲ್ಲೇ ಬಂದದ್ದು. ಹಿಂದೆ ಅಷ್ಟು ಮದ್ದು ತುಂಬಿಕೊಂಡು, ಮೇಲೆ ಎಲ್ಲೋ ಗುಂಡು ಬಿದ್ದು ಬೆಳಕಾದಾಗ ಮಾತ್ರ ರಸ್ತೆ ಕಂಡು, ಇವರು ಓಡಿಸುತ್ತಿದ್ದರು. ಇಷ್ಟನ್ನು ಕಾಕಾ 25ಕ್ಕೂ ಹೆಚ್ಚು ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಭಯ ಆಗುತ್ತಿರಲಿಲ್ಲವೇ ಅಂದೆ. "ಆಗತಿತ್ತು. ಆದ್ರ ಮ್ಯಾಲಿನ ಹುಡುಗ್ರು ರೊಟ್ಟಿ ಬಿಟ್ಟು ಗುಂಡು ಹೊತ್ಕೊಂಡು ಹೋಗತಿದ್ರು. ಭಾರ ಕಡಿಮಿ ಆಗಲಿ ಅಂತ. ಅದನ್ನ ನೋಡಿದ ಮ್ಯಾಲೆ ನಾವು ನಿಂದ್ರಾಕ ಆಗತೈತೇನು?"

ಹೊಲದ ಬದಿಯಲ್ಲಿ ಒಬ್ಬ ಅಜ್ಜ ನೀರು ಕಟ್ಟುತ್ತಿದ್ದರು. ನಮಸ್ಕಾರ ಅಂದೆವು, ಕೂರಿಸಿಯೇಬಿಟ್ಟರು. ಇಲ್ಲಿಯವರ ಮಾತು ಶಿನಾ. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡಿದರು. 99ರಲ್ಲಿ ಗುಂಡು ಬೀಳಲು ಶುರುವಾದಾಗ ಊರಿಗೆ ಊರೇ ಖಾಲಿ. ಹೆಂಗಸರು, ಮಕ್ಕಳನ್ನು ದೂರ ಕಳಿಸಿ ಇವರು ಕೆಲವರ ಜೊತೆ ಉಳಿದರಂತೆ. ಸೈನ್ಯಕ್ಕೆ ಹೊರೆ ಹೊರಲು. ಬೆನ್ನ ಮೇಲೆ ನೀರಿನ ಕ್ಯಾನು, ರಾತ್ರಿಯೆಲ್ಲ ಏರುವುದು, ಇಳಿಯುವಾಗ ಗಾಯಗೊಂಡವರು. "ಮೇಲೆ ನೀರಿರಲಿಲ್ಲ. ಹಿಮ ಇತ್ತು, ಮದ್ದಿನ ಹೊಗೆಗೆ ಕಪ್ಪಾಗಿತ್ತು. ಅದನ್ನೇ ತಿನ್ನುತ್ತಿದ್ದರು ಹುಡುಗರು" ಅಂದರು. ಕಾಕಾ ತಾವು ಯಾರು ಅಂತ ಹೇಳಿದರು. ಅಜ್ಜ ಎದ್ದು ತಬ್ಬಿಕೊಂಡರು. ನೀವು ಇಲ್ಲಿ ಇಳಿಸುತ್ತಿದ್ದಿರಿ, ನಾವು ಇಲ್ಲಿಂದ ಎತ್ತುತ್ತಿದ್ದೆವು ಅಂತ ಇಬ್ಬರೂ ಕೈ ಹಿಡಿದುಕೊಂಡು ಮಾತಾಡಿದರು. ಸಮೋವಾರಿನಿಂದ ಚಹಾ ಬಂತು. ನಮ್ಮ ಚೀಲದಿಂದ ರೊಟ್ಟಿ, ಚಟ್ನಿ ಪುಡಿ ಹೊರಬಂತು. ಅಜ್ಜ ರೊಟ್ಟಿ ಮುರಿದ ಸದ್ದಿಗೆ ನಕ್ಕರು. ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡರೂ ಬಿಡದೆ ತಿಂದರು.

ಅವರ ಮನೆಗೆ ಹೋಗಲು ಒಂದು ಹಳ್ಳ ದಾಟಬೇಕಿತ್ತು. ಹಿಮ ಕರಗಿ ಬಂದ ನೀರು, ಮೊಣಕಾಲವರೆಗೂ ಇಲ್ಲ. ಮತ್ತೆ ಶೂ ಒದ್ದೆಯಾಗಬಾರದು ಅಂತ ಬಿಚ್ಚಿ ಕೈಯಲ್ಲಿ ಹಿಡಿದೆ. ಹತ್ತು ಹೆಜ್ಜೆಯೂ ಇರಲಿಕ್ಕಿಲ್ಲ. ಮೂರನೇ ಹೆಜ್ಜೆಗೆ ಪಾದ ನನ್ನದಲ್ಲ ಅನಿಸಿತು. ಐದನೆಯದಕ್ಕೆ ಎಲುಬಿನೊಳಗೆ ನೋವು. ಇದು ಜೂನ್ ತಿಂಗಳ ಮಧ್ಯಾಹ್ನ, ತಲೆ ಮೇಲೆ ಬಿಸಿಲು. ದಡಕ್ಕೆ ಬಂದು ಕೂತು ಪಾದ ಉಜ್ಜಿಕೊಳ್ಳುತ್ತಿದ್ದೆ. ಕಾಕಾ ಹತ್ತಿರ ಬಂದು ನಿಂತರು. "ಬೆರಳು ಹಿಡಿತಾವ ಅಂತ ಬಿಚ್ಚಿದಾರ ಸಾಹೇಬ್ರು" ಅಂದರು. ನಾನು ತಲೆ ಎತ್ತಲಿಲ್ಲ.

ನಾಲ್ಕನೇ ದಿನ: ಕಾರ್ಗಿಲ್, ಹುಂದರ್ಮನ್

ದ್ರಾಸ್‌ನಿಂದ ಕಾರ್ಗಿಲ್ 60 ಕಿಲೋಮೀಟರ್, ಒಳ್ಳೆಯ ರಸ್ತೆ. ಕಾರ್ಗಿಲ್‌ನಲ್ಲಿ ಸೆಕೆಯೇ ಅನಿಸಿತು. ಜರ್ದಾಲು ಇನ್ನೂ ಹಣ್ಣಾಗಿರಲಿಲ್ಲ, ಆದರೆ ಒಣಗಿಸಿದ್ದು, ರಸ ತೆಗೆದದ್ದು ಎಲ್ಲ ಅಂಗಡಿಯಲ್ಲೂ ಇದೆ. ಚಿಗವ್ವನಿಗೆ ಎರಡು ಕಿಲೋ ಕೊಂಡೆವು.

ಮಧ್ಯಾಹ್ನ ಹುಂದರ್ಮನ್‌ಗೆ ಹೋದೆವು. ಬೆಟ್ಟದ ಸಂದಿಯಲ್ಲಿ ಜೇನುಗೂಡಿನಂತೆ ಒಂದರ ಮೇಲೊಂದು ಕಲ್ಲಿನ ಮನೆಗಳು, ಈಗ ಯಾರೂ ಇಲ್ಲ. ಈ ಊರು 1971ರ ಯುದ್ಧದಲ್ಲಿ ಭಾರತಕ್ಕೆ ಬಂತು. ಒಂದು ರಾತ್ರಿಯಲ್ಲಿ ಅಣ್ಣ ಈ ದೇಶ, ತಮ್ಮ ಆ ದೇಶ. ಒಂದು ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಪಾತ್ರೆ, ಬಟ್ಟೆ, ಸಿಡಿದ ಗುಂಡಿನ ಚೂರು, ಗಡಿಯಾಚೆಯ ಬಂಧುಗಳು ಬರೆದ ಕಾಗದಗಳು. ತೋರಿಸಿದ ಹುಡುಗ ಆ ಊರಿನವನೇ. ನೀವು ಹೋದರೆ ಅಂಥವರನ್ನೇ ಜೊತೆಗೆ ಕರೆದುಕೊಳ್ಳಿ, ಸುಮ್ನೆ ಮನೆ ನೋಡಿ ಬಂದರೆ ಏನೂ ತಿಳಿಯುವುದಿಲ್ಲ. ಕಾಕಾ ಆ ಕಾಗದಗಳ ಮುಂದೆ ಕೈ ಕಟ್ಟಿ ನಿಂತಿದ್ದರು. ಬರೆದ ಲಿಪಿ ಅವರಿಗೆ ಓದಲು ಬಾರದು.

ಐದನೇ ದಿನ: ವಾಪಸ್

ಬೇಗ ಹೊರಟರೂ ಲಾಭವಾಗಲಿಲ್ಲ. ಜೋಜಿ ಲಾದಲ್ಲಿ ಕಲ್ಲು ಕುಸಿದಿದೆ ಅಂತ ಮೀನಾಮಾರ್ಗದಲ್ಲಿ ತಡೆದರು. ಒಂದು ಗಂಟೆ ಅಂದವರು ಐದು ಗಂಟೆ ನಿಲ್ಲಿಸಿದರು. ಗಾಡಿಗಳ ಸಾಲು ಬೆಳೆಯುತ್ತಲೇ ಹೋಯಿತು. ಈ ದಾರಿಯಲ್ಲಿ ಬರುವವರು ಕೈಯಲ್ಲಿ ಒಂದು ದಿನ ಜಾಸ್ತಿ ಇಟ್ಟುಕೊಂಡೇ ವಿಮಾನದ ಟಿಕೆಟ್ ಮಾಡಿಸಬೇಕು. ನಮ್ಮದು ಮರುದಿನ ಸಂಜೆಗೆ ಇತ್ತು, ಬಚಾವಾದೆವು.

ನಮ್ಮ ಮುಂದೆ ಸೈನ್ಯದ ಖಾಲಿ ಲಾರಿಗಳು ನಿಂತಿದ್ದವು. ಕಾಕಾ ಇಳಿದು ಅತ್ತ ಹೋದರು. ನೋಡುತ್ತಿದ್ದಂತೆ ಒಬ್ಬ ಎಳೆಯ ಡ್ರೈವರ್ ಜೊತೆ ಮಾತಿಗೆ ಬಿದ್ದರು. ಹುಡುಗ ಬಿಹಾರದವನು. ತರಬೇತಿ ಬೆಂಗಳೂರಿನ ಎಎಸ್‌ಸಿ ಸೆಂಟರಿನಲ್ಲೇ ಆದದ್ದು. ಕಾಕಾನೂ ಅಲ್ಲಿಯವರೇ ಅಂತ ತಿಳಿದ ಕೂಡಲೇ ಎದ್ದು ನೆಟ್ಟಗೆ ನಿಂತ, "ಸಾಬ್" ಅಂದ. ಕೂರು ಮಾರಾಯ ಅಂತ ಕಾಕಾ ಭುಜ ಒತ್ತಿ ಕೂರಿಸಿದರು. ಕೆಂಗುರುಸೆ ಸಾಹೇಬರ ಕಥೆ ಗೊತ್ತಾ ಅಂತ ಕೇಳಿದರು. ಗೊತ್ತು ಅಂದ ಹುಡುಗ. ಉಳಿದಿದ್ದ ರೊಟ್ಟಿಯೆಲ್ಲ ಅವನ ಲಾರಿಗೆ ಹೋಯಿತು. ಅವನು ತನ್ನ ಸ್ಟೀಲ್ ಲೋಟದಲ್ಲಿ ಚಹಾ ತಂದುಕೊಟ್ಟ.

ದಾರಿ ಬಿಟ್ಟಾಗ ಕತ್ತಲಾಗುತ್ತಿತ್ತು. ಮೊದಲು ಸೈನ್ಯದ ಲಾರಿಗಳನ್ನು ಬಿಟ್ಟರು. ಹುಡುಗ ಸ್ಟಾರ್ಟ್ ಮಾಡಿದ ಮೇಲೂ ಕಾಕಾ ಅವನ ಬಾಗಿಲು ಹಿಡಿದುಕೊಂಡು ಹಿಂದಿಯಲ್ಲಿ ಹೇಳುತ್ತಲೇ ಇದ್ದರು. ತುದಿ ದಾಟಿದ ಮೇಲೆ ಎಡಗಡೆ ಅಂಚು ಮೆತ್ತಗಿರುತ್ತದೆ. ನೀರು ಹರಿಯುವ ಕಡೆ ಬ್ರೇಕ್ ತುಳಿಯಬೇಡ. ಎರಡನೇ ಗೇರಲ್ಲೇ ಇಳಿ ಮಗನೇ.

ನಾವು ತುದಿಗೆ ಬರುವಷ್ಟರಲ್ಲಿ ಪೂರ್ತಿ ರಾತ್ರಿ. ಕೆಳಗೆ ಬಾಲ್ತಾಲ್ ಕಡೆಗೆ ಇಳಿಯುವ ತಿರುವುಗಳಲ್ಲಿ ಆ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಕಾಕಾ ಗಾಜು ಇಳಿಸಿದರು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಬೆರಳು ಮಡಚುತ್ತಾ ಮೆಲ್ಲಗೆ ಎಣಿಸಿದರು, ಹದಿನಾಲ್ಕು. ಹದಿನಾಲ್ಕು ಲಾರಿಗಳೂ ಲೈಟ್ ಹಾಕಿಕೊಂಡಿದ್ದವು.